ಮುಂದೆ ಹೀಗಾಗುತ್ತೆ ಅನ್ನುವ ಮಾತನ್ನು ಎಷ್ಟು ನಂಬಬೇಕು?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ತಿಳಿದವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

2018ರ ಜೂನ್‌ನಲ್ಲಿ ನೀತಿ ಆಯೋಗ ನೀರಿನ ಬಗ್ಗೆ ಒಂದು ವರದಿ ತಂದಿತ್ತು. ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದ್ ಸೇರಿ 21 ನಗರಗಳಲ್ಲಿ 2020ರ ಹೊತ್ತಿಗೆ ಅಂತರ್ಜಲ ಮುಗಿಯುತ್ತದೆ, 10 ಕೋಟಿ ಜನಕ್ಕೆ ತೊಂದರೆಯಾಗುತ್ತದೆ ಅಂತ ಅದರಲ್ಲಿತ್ತು. ಆಗ ನಮ್ಮ ಭಾವ ಬೆಂಗಳೂರಿನ ವರ್ತೂರಿನ ಕಡೆ ಒಂದು ಸೈಟಿಗೆ ಅಡ್ವಾನ್ಸ್ ಕೊಡುವುದರಲ್ಲಿದ್ದರು. ಅಕ್ಕ ಪೇಪರಿನಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದಳು. ದಿನಾ ಹಾಲು ತೆಗೆಯುವಾಗ ಅದೇ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಸೈಟು ಬೇಡ ಅಂತಾಯಿತು. ತುಮಕೂರಿನಲ್ಲೇ ಉಳಿದರು.

2020 ಬಂತು, ಹೋಯಿತು. ಬೆಂಗಳೂರಿನ ನೀರು ಮುಗಿಯಲಿಲ್ಲ. ಈಗ ಆ ಸೈಟಿನ ಬೆಲೆಯ ಮಾತು ಎತ್ತಿದರೆ ಭಾವ ಎದ್ದು ಒಳಗೆ ಹೋಗುತ್ತಾರೆ. ಆದರೆ 2024ರ ಮಾರ್ಚ್‌ನಲ್ಲಿ ಅದೇ ಕಡೆ ಇರುವ ಗೆಳೆಯನ ಮನೆಗೆ ಹೋಗಿದ್ದೆ. ಬಚ್ಚಲಿನಲ್ಲಿ ನಾಲ್ಕು ಬಕೆಟ್, ಎರಡು ಡ್ರಮ್, ಪಾತ್ರೆ ತೊಳೆದ ನೀರು ಗಿಡಕ್ಕೆ. ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಮೆಸೇಜ್ ಮೇಲೆ ಮೆಸೇಜ್. ಹಾಗಾದರೆ ಅಕ್ಕ ನಂಬಿದ್ದು ತಪ್ಪಾ, ಸರಿಯಾ? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. 'ಭಾರತದಲ್ಲಿ ಶೇ. 69ರಷ್ಟು ಕೆಲಸ ಯಂತ್ರಗಳ ಪಾಲಾಗುತ್ತದೆ' ಅನ್ನುವ ಚೀಟಿ ಈಗ ಫ್ರಿಜ್ ಮೇಲೆ ಬಂದಿದೆ. ಇಂಥ ಮಾತನ್ನು ಅಳೆಯುವುದು ಹೇಗೆ?

ಬೋರ್‌ವೆಲ್ ಅಕ್ಕ

ಮೊದಲ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಮೂವತ್ತು ವರ್ಷ ಭೂವಿಜ್ಞಾನಿಯಾಗಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಪಾಯಿಂಟ್ ನೋಡಿದವಳು ನಾನು.

ವರದಿಯಲ್ಲಿ ಇದ್ದದ್ದು 'ಅಂತರ್ಜಲ'. ಟಿವಿಗೆ ಬರುವ ಹೊತ್ತಿಗೆ ಅದು 'ನೀರು' ಆಯಿತು. ವಾಟ್ಸಾಪಿಗೆ ಬರುವ ಹೊತ್ತಿಗೆ 'ಬೆಂಗಳೂರು ಖಾಲಿ' ಆಯಿತು. ಬೆಂಗಳೂರಿನ ನಲ್ಲಿಯಲ್ಲಿ ಬರುವುದು ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಎತ್ತಿ ತರುವ ನೀರು. ಬೋರ್ ಬತ್ತಿದರೆ ನಲ್ಲಿ ನಿಲ್ಲುವುದಿಲ್ಲ. ಆದರೆ ನಲ್ಲಿ ಇಲ್ಲದ ಬಡಾವಣೆಯವರು ಸಿಕ್ಕಿಬೀಳುತ್ತಾರೆ.

ಇನ್ನು ಆ 2020 ಅನ್ನುವ ತಾರೀಕು ಎಲ್ಲಿಂದ ಬಂತು? ವರದಿಯಲ್ಲಿ ಹೆಸರಿಸಿದ್ದ ಮೂಲಗಳನ್ನು ಪತ್ರಕರ್ತರು ಹುಡುಕಿಕೊಂಡು ಹೋದರು. '2020ಕ್ಕೆ ಸೊನ್ನೆ' ಅನ್ನುವ ಲೆಕ್ಕ ಅಲ್ಲಿ ಸಿಗಲಿಲ್ಲ. ನಿಜವಾಗಿ ಗೊತ್ತಿದ್ದದ್ದು ಒಂದೇ: ಈ ಊರುಗಳಲ್ಲಿ ಮಳೆಯಿಂದ ಒಳಗೆ ಇಳಿಯುವುದಕ್ಕಿಂತ ಜಾಸ್ತಿ ನೀರನ್ನು ಪ್ರತಿ ವರ್ಷ ಎತ್ತುತ್ತಿದ್ದಾರೆ. ಕಣಜಕ್ಕೆ ಹತ್ತು ಚೀಲ ರಾಗಿ ಹಾಕಿ ಹದಿನಾಲ್ಕು ಚೀಲ ತೆಗೆದ ಹಾಗೆ. ಕಣಜ ಇಳಿಯುತ್ತದೆ, ಅದರಲ್ಲಿ ಸಂಶಯ ಇಲ್ಲ. ಯಾವ ದಿನ ತಳ ಕಾಣುತ್ತದೆ ಅನ್ನುವುದಕ್ಕೆ ಕಣಜ ಎಷ್ಟು ಆಳ ಅಂತ ಗೊತ್ತಿರಬೇಕು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಬೋರಿನಿಂದ ನೂರು ಅಡಿ ಆಚೆ ಕೊರೆದರೆ ಬರೀ ಧೂಳು ಬಂದದ್ದನ್ನು ಎಷ್ಟು ಸಲ ನೋಡಿದ್ದೇನೋ. ಇಡೀ ನಗರದ ಬಿರುಕುಗಳೆಲ್ಲ ಒಂದೇ ವರ್ಷದಲ್ಲಿ ಒಣಗುತ್ತವೆ ಅಂತ ಯಾರೂ ಹೇಳಲಾರರು. ಮೊದಲು 300 ಅಡಿಯದು ಹೋಗುತ್ತದೆ. ಆಮೇಲೆ 700 ಅಡಿಯದು. ದುಡ್ಡಿದ್ದವರು 1,500 ಅಡಿಗೆ ಇಳಿಯುತ್ತಾರೆ, ಇಲ್ಲದವರು ಕೊಡ ಹಿಡಿದು ನಿಲ್ಲುತ್ತಾರೆ.

2024ರಲ್ಲಿ ಆದದ್ದು ಇದೇ. ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಕೆಲಸ ಮಾಡುತ್ತಿಲ್ಲ ಅಂತ ಸರ್ಕಾರವೇ ಹೇಳಿತು. ದಿಕ್ಕು ಸರಿ ಇತ್ತು. ತಾರೀಕಿಗೆ ಆಧಾರ ಇರಲಿಲ್ಲ. ಜನ ಮಾತ್ರ ತಾರೀಕನ್ನೇ ಹಿಡಿದುಕೊಂಡರು. 2020 ದಾಟಿದ ಮೇಲೆ 'ನೋಡಿ, ಏನೂ ಆಗಲಿಲ್ಲ' ಅಂತ ಮಳೆ ಕೊಯ್ಲು ಮಾಡಿಸುವುದನ್ನು ಮುಂದೂಡಿದ ಮನೆಗಳು ನನಗೆ ಗೊತ್ತು. ಆಧಾರ ಇಲ್ಲದ ತಾರೀಕು ನಿಜವಾದ ಎಚ್ಚರಿಕೆಯನ್ನೂ ಕೆಡಿಸುತ್ತದೆ. ಇದು ನನಗೆ ಇವತ್ತಿಗೂ ಸಂಕಟ.

ನಿಮ್ಮ ಭಾವ ಆಗ ಕೇಳಬೇಕಿದ್ದದ್ದು ಎರಡೇ. ಆ ಬಡಾವಣೆಗೆ ಕಾವೇರಿ ಪೈಪ್ ಯಾವಾಗ ಬರುತ್ತದೆ? ಪಕ್ಕದ ಬೋರ್ ಎಷ್ಟು ಅಡಿ, ಐದು ವರ್ಷದ ಹಿಂದೆ ಎಷ್ಟಿತ್ತು? ಎರಡಕ್ಕೂ ಆಗಲೇ ಉತ್ತರ ಸಿಗುತ್ತಿತ್ತು. ಐದನೇ ಹಂತದ ಕಾವೇರಿ ನೀರು ಆ ಕಡೆಯ 110 ಹಳ್ಳಿಗಳಿಗೆ ಬಂದದ್ದು 2024ರ ಅಕ್ಟೋಬರಿನಲ್ಲಿ.

ಕೆರೆದಂಡೆ

ಅಕ್ಕಾ, ಇದನ್ನು ಪ್ರಿಂಟ್ ತೆಗೆದು ಭಾವನಿಗೆ ಕೊಡುತ್ತೇನೆ.

ಹಡಗಲಿಯವನು

ನಮ್ಮೂರ ಕಡೆಯ ಒಂದು ಮಾತು ಹೇಳುತ್ತೇನೆ. ಮೈಲಾರದ ಕಾರ್ಣಿಕ ಗೊತ್ತಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂದರೆ ಅಷ್ಟು ಜನವೂ ಉಸಿರು ಬಿಗಿಹಿಡಿಯುತ್ತದೆ. ನಾಲ್ಕು ಪದ ನುಡಿದು ಕೆಳಗೆ ಬೀಳುತ್ತಾರೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದೇನೆ. ಈಗಲೂ ಹೋಗುತ್ತೇನೆ, ಮೈ ಜುಮ್ ಅನ್ನುತ್ತದೆ.

ಆ ನುಡಿ ಕೇಳಿ ಮನೆಗೆ ಬರುವಾಗ ಟ್ರ್ಯಾಕ್ಟರಿನಲ್ಲೇ ಅರ್ಥ ಹಚ್ಚುವುದು ಶುರು. ಒಬ್ಬರು ಮಳೆ ಚೆನ್ನಾಗಿದೆ ಅಂತಾರೆ, ಒಬ್ಬರು ಸರ್ಕಾರ ಬೀಳುತ್ತದೆ ಅಂತಾರೆ. ಯಾವುದು ಆದರೂ ನುಡಿ ಸುಳ್ಳಾಗುವುದಿಲ್ಲ. ಅದು ದೇವರ ಮಾತು, ಅದನ್ನು ಅಳೆಯಲು ಯಾರೂ ಹೋಗುವುದಿಲ್ಲ, ಹೋಗಬಾರದು ಕೂಡ. ನನ್ನ ತಕರಾರು ಬೇರೆ. ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತವರು 'ಮುಂದಿನ ದಶಕದಲ್ಲಿ ಸಮಾಜ ದೊಡ್ಡ ಪಲ್ಲಟ ಕಾಣಲಿದೆ' ಅಂತಾರಲ್ಲ, ಅದನ್ನೂ ಯಾರೂ ಸುಳ್ಳು ಮಾಡಲಾಗುವುದಿಲ್ಲ. ಕಾರ್ಣಿಕ ತಾನು ಕಾರ್ಣಿಕ ಅಂತಲೇ ಹೇಳಿಕೊಳ್ಳುತ್ತದೆ. ಇವರು ಮಾತ್ರ ಅದನ್ನು ವಿಶ್ಲೇಷಣೆ ಅಂತ ಕರೆಯುತ್ತಾರೆ. ಏನಾದರೆ ನಿಮ್ಮ ಮಾತು ತಪ್ಪು ಅಂತ ಒಪ್ಪುತ್ತೀರಿ ಅಂತ ಕೇಳಿ ನೋಡಿ. ಉತ್ತರ ಇಲ್ಲದಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತೇನೆ.

ಚಳ್ಳಕೆರೆ ಶೇಂಗಾ

ಹಡಗಲಿ ಅಣ್ಣ ಹೇಳಿದ್ದು ನಿಜ. ಅದಕ್ಕೇ ನನಗೆ ಹವಾಮಾನ ಇಲಾಖೆಯ ಮೇಲೆ ಗೌರವ. ಜನ ಬೈಯುತ್ತಾರೆ, ನಾನೂ ಬೈದಿದ್ದೇನೆ. 2009ರ ಏಪ್ರಿಲ್‌ನಲ್ಲಿ ದೇಶದ ಮುಂಗಾರು ವಾಡಿಕೆಯ ಶೇ. 96 ಬರುತ್ತದೆ, ಹೆಚ್ಚುಕಮ್ಮಿ ಐದು ಅಂದರು. ಬಂದದ್ದು ಶೇ. 78. ದೊಡ್ಡ ಬರ. ಆದರೆ ನೋಡಿ, ಎಷ್ಟು ತಪ್ಪಾಯಿತು ಅಂತ ಇವತ್ತು ನಾನು ಹೇಳಬಲ್ಲೆ. 2015ರಲ್ಲಿ ಜೂನ್‌ನಲ್ಲಿ ಶೇ. 88 ಅಂದರು, ಬಂದದ್ದು 86. ಅದನ್ನೂ ಹೇಳಬಲ್ಲೆ. ಮುಂಚೆಯೇ ಅಂಕಿ ಕೊಟ್ಟು, ಎಷ್ಟು ತಪ್ಪಬಹುದು ಅಂತಲೂ ಹೇಳಿ, ಆಮೇಲೆ ಮಳೆಮಾಪಕದ ಎದುರು ನಿಲ್ಲುವ ಧೈರ್ಯ ಎಷ್ಟು ಜನಕ್ಕಿದೆ?

ಹಾಗಂತ ಆ ಅಂಕಿ ನೋಡಿ ಬಿತ್ತಲಾಗುವುದಿಲ್ಲ. ಅದು ದೇಶದ ಸರಾಸರಿ. ನನ್ನ ಹೊಲದ ಮಳೆ ಬೇರೆ. ನಮ್ಮ ತಾತ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಒಂದೆರಡು ಸಾಲು ಜೋಳ. ಮಳೆ ಮುಂಚೆ ನಿಂತರೆ ಒಂದು ಕೈಗೆ ಸಿಗುತ್ತದೆ, ತಡವಾಗಿ ಬಂದರೆ ಇನ್ನೊಂದು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅನ್ನುವ ಗಾದೆ ತಾತನ ಬಾಯಲ್ಲೇ ಇತ್ತು. ಆದರೆ ಗಾದೆಯನ್ನು ನಂಬಿ ಇಡೀ ಹೊಲಕ್ಕೆ ಒಂದೇ ಬೀಜ ಹಾಕಿದ್ದನ್ನು ನಾನು ನೋಡಿಲ್ಲ. ನಾನು ಹಾಕಿದೆ. ಇಡೀ ಹೊಲ ಶೇಂಗಾ. ಎರಡು ವರ್ಷ ಸಾಲ ತೀರಿಸಿದ್ದೇನೆ.

ಅಂಕಿ ಅಂಶ

ಸಮಾಜದ ಭವಿಷ್ಯ ಅಂದರೆ ನನಗೆ ಮೊದಲು ನೆನಪಾಗುವುದು ನಮ್ಮ ದೇಶದ ಬಗ್ಗೆಯೇ ಹೇಳಿದ ಮಾತು. 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಪಾಲ್ ಎರ್ಲಿಕ್ 'ಪಾಪ್ಯುಲೇಷನ್ ಬಾಂಬ್' ಪುಸ್ತಕ ಬರೆದರು. 1970ರ ದಶಕದಲ್ಲಿ ಹತ್ತಾರು ಕೋಟಿ ಜನ ಹಸಿವಿನಿಂದ ಸಾಯುತ್ತಾರೆ, ಈಗ ಏನು ಮಾಡಿದರೂ ತಡೆಯಲಾಗುವುದಿಲ್ಲ ಅಂದರು. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದ ಇನ್ನಿಬ್ಬರು ಲೇಖಕರು, ಪ್ಯಾಡಕ್ ಸಹೋದರರು, ಇನ್ನೂ ಮುಂದೆ ಹೋಗಿದ್ದರು. ಭಾರತವನ್ನು ಉಳಿಸಲಾಗುವುದಿಲ್ಲ, ಅಲ್ಲಿಗೆ ಧಾನ್ಯ ಕಳಿಸುವುದು ದಂಡ ಅನ್ನುವ ಧಾಟಿ ಅವರದು. ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅವರು ಲೆಕ್ಕದಿಂದ ಕೈಬಿಟ್ಟವರಲ್ಲಿ ನಮ್ಮ ಅಜ್ಜಿ, ತಾತ ಇದ್ದರು.

ಅವರು ಏನೂ ನೋಡದೆ ಹೇಳಿದ್ದಲ್ಲ. 1966-67ರಲ್ಲಿ ಬಿಹಾರದಲ್ಲಿ ಬರಗಾಲ ಇತ್ತು. ಅಮೆರಿಕದ ಹಡಗುಗಳಲ್ಲಿ ಗೋಧಿ ಬರುತ್ತಿತ್ತು. ಆ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರು. ಆದರೆ 1966ರಲ್ಲೇ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಬಂದಿತ್ತು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ 1970-71ಕ್ಕೆ ಸುಮಾರು 2.4 ಕೋಟಿ ಟನ್ ಆಯಿತು. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಪಂಜಾಬಿನ ಹೊಲದಲ್ಲಿ ಉತ್ತರ ಎದ್ದು ನಿಂತಿತ್ತು. (ಆ ಹಸಿರಿನ ಬೆಲೆಯನ್ನು ಈಗ ಪಂಜಾಬಿನ ಅಂತರ್ಜಲ ಕೊಡುತ್ತಿದೆ. ಬೋರ್‌ವೆಲ್ ಅಕ್ಕನ ಕಣಜದ ಮಾತು ಅಲ್ಲಿಗೂ ಸಲ್ಲುತ್ತದೆ.)

ಆಮೇಲೆ 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಎರ್ಲಿಕ್ ಜೊತೆ ಪಂಥ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಐದರ ಬೆಲೆ ಹತ್ತು ವರ್ಷದಲ್ಲಿ ಏರುತ್ತದೋ ಇಳಿಯುತ್ತದೋ ಅಂತ. ಏರುತ್ತದೆ ಅಂದವರು ಎರ್ಲಿಕ್, ಇಳಿಯುತ್ತದೆ ಅಂದವರು ಸೈಮನ್. 1990ರಲ್ಲಿ ಎರ್ಲಿಕ್ ಸೋತು 576 ಡಾಲರಿನ ಚೆಕ್ ಕಳಿಸಿದರು. ಈ ಕತೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸರಿಯಲ್ಲ. ಅದೇ ಪಂಥವನ್ನು ಬೇರೆ ಬೇರೆ ಹತ್ತು ವರ್ಷಗಳಿಗೆ ಹಾಕಿ ನೋಡಿದವರಿದ್ದಾರೆ. ಎಷ್ಟೋ ಸಲ ಎರ್ಲಿಕ್ ಗೆಲ್ಲುತ್ತಿದ್ದರು. ಒಂದು ಸಲ ಗೆದ್ದವರನ್ನು ಜ್ಞಾನಿ ಅನ್ನಬಾರದು, ಸೋತವರನ್ನು ದಡ್ಡ ಅನ್ನಬಾರದು.

ತುಂಬಾ ಸಲ ನೋಡಬೇಕು. ಅದನ್ನು ಮಾಡಿದವರು ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್‌ಲಾಕ್. ಇಪ್ಪತ್ತು ವರ್ಷದ ಆಸುಪಾಸು 284 ಪರಿಣತರಿಂದ ಸುಮಾರು 28,000 ಮುನ್ನೋಟ ಬರೆಸಿಕೊಂಡು, ಒಂದೊಂದನ್ನೂ ಆದದ್ದರ ಜೊತೆ ಹೋಲಿಸಿದರು. ಸರಾಸರಿ ತೆಗೆದರೆ ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಮಾಧ್ಯಮದಲ್ಲಿ ಜಾಸ್ತಿ ಹೆಸರು ಮಾಡಿದವರದು ಇನ್ನೂ ಕಡಿಮೆ. ಎಲ್ಲದಕ್ಕೂ ಒಂದೇ ದೊಡ್ಡ ಸಿದ್ಧಾಂತ ಹಚ್ಚುವವರಿಗಿಂತ, 'ಇದೂ ಇದೆ, ಅದೂ ಇದೆ' ಅಂತ ಸಣ್ಣಸಣ್ಣದನ್ನು ಸೇರಿಸಿ ನೋಡುವವರು, ಆಗಾಗ ಮನಸ್ಸು ಬದಲಿಸುವವರು ವಾಸಿ ಇದ್ದರು.

ರಾತ್ರಿಪಾಳಿ

ಒಂದು ಕಡೆ ನಾನು ಒಪ್ಪುವುದಿಲ್ಲ. ನಡೆಯದ ಮುನ್ನೋಟವೆಲ್ಲ ಸುಳ್ಳಲ್ಲ. 2000 ಬಂದಕೂಡಲೇ ಕಂಪ್ಯೂಟರ್‌ಗಳು ಎಡವುತ್ತವೆ ಅನ್ನುವ 'ವೈ2ಕೆ' ಭಯ ನೆನಪಿದೆಯಾ? 1999ರಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಬಾಲ್ ಪ್ರೋಗ್ರಾಂ ತಿದ್ದುತ್ತಿದ್ದೆ. ಹಳೇ ಪ್ರೋಗ್ರಾಂಗಳಲ್ಲಿ ವರ್ಷಕ್ಕೆ ಎರಡೇ ಅಂಕಿ: 1965 ಅಂದರೆ 65, 2000 ಅಂದರೆ 00. 1965ರಲ್ಲಿ ಹುಟ್ಟಿದ ಗಿರಾಕಿಯ ವಯಸ್ಸನ್ನು 2000ಕ್ಕೆ ಲೆಕ್ಕ ಹಾಕಿಸಿದರೆ ಪರದೆಯ ಮೇಲೆ ಮೈನಸ್ 65 ಬಂತು. ನನ್ನ ಕಣ್ಣಾರೆ ನೋಡಿದ್ದು. ಅಂಥ ಸಾಲುಗಳನ್ನು ಒಂದೊಂದಾಗಿ ಹುಡುಕಿ ಸರಿ ಮಾಡಿದೆವು. ಡಿಸೆಂಬರ್ 31ರ ರಾತ್ರಿ ಆಫೀಸಿನಲ್ಲೇ ಇದ್ದೆವು. ಹನ್ನೆರಡು ಹೊಡೆಯಿತು, ಏನೂ ಆಗಲಿಲ್ಲ. ಬೆಳಿಗ್ಗೆ ಮನೆಗೆ ಬಂದರೆ ಮಾವ 'ಸುಮ್ನೆ ಹೆದರಿಸಿದ್ದು, ಅಲ್ವಾ?' ಅಂದರು. ಒಂದು ವರ್ಷದ ನಿದ್ದೆ ಆ ಮಾತಿನಲ್ಲಿ ಹೋಯಿತು.

ಅಂಕಿ ಅಂಶ

ನಿಮ್ಮ ಕೆಲಸದ ಬಗ್ಗೆ ಗೌರವ ಇದೆ ಸರ್. ಆದರೆ 'ನಾವು ಎಚ್ಚರಿಸಿದ್ದಕ್ಕೇ ಆಗಲಿಲ್ಲ' ಅನ್ನುವುದನ್ನೂ ತೂಗಿ ನೋಡಬೇಕು. ಇಟಲಿಯಂಥ ದೇಶಗಳು ಅದಕ್ಕೆ ತುಂಬಾ ಕಡಿಮೆ ತಯಾರಿ ಮಾಡಿಕೊಂಡಿದ್ದವು. ಅಲ್ಲೂ ದೊಡ್ಡ ಅನಾಹುತ ಆಗಲಿಲ್ಲ.

ರಾತ್ರಿಪಾಳಿ

ಒಪ್ಪಿದೆ. ವಿಮಾನ ಬೀಳುತ್ತದೆ, ಕರೆಂಟು ಹೋಗುತ್ತದೆ ಅಂದದ್ದು ಅತಿಯಾಯಿತು. ನನ್ನ ಮೈನಸ್ 65 ಮಾತ್ರ ನಿಜ. ಎಚ್ಚರಿಕೆಯ ಒಳಗೆ ಕೈಗೆ ಸಿಗುವ ಒಂದು ದೋಷ ಇತ್ತು, ತೋರಿಸಬಹುದಿತ್ತು. ಎಚ್ಚರಿಸುವವರನ್ನು ಕೇಳಬೇಕಾದದ್ದು ಅದನ್ನೇ ಅನ್ನಿಸುತ್ತದೆ: ಆ ಮೈನಸ್ 65 ಎಲ್ಲಿದೆ, ತೋರಿಸಿ.

ನಿಮ್ಮ ಶೇ. 69ರ ಬಗ್ಗೆಯೂ ಹೇಳಿಬಿಡುತ್ತೇನೆ, ಕೆರೆದಂಡೆಯವರೇ. ಅದು ಹುಟ್ಟಿದ್ದು 2013ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಮಾಡಿದ ಅಧ್ಯಯನದಿಂದ. ಅಮೆರಿಕದ 702 ಉದ್ಯೋಗಗಳನ್ನು ತೆಗೆದುಕೊಂಡು, ತಾಂತ್ರಿಕವಾಗಿ ಯಾವುದನ್ನು ಯಂತ್ರಕ್ಕೆ ಕೊಡಬಹುದು ಅಂತ ಅಂದಾಜು ಮಾಡಿದರು. ಶೇ. 47 ಬಂತು. 'ಕೊಡಬಹುದು' ಅಂದರು, 'ಹೋಗುತ್ತದೆ' ಅನ್ನಲಿಲ್ಲ. ಇಂಥದ್ದೇ ವರ್ಷ ಅಂತಲೂ ಗಟ್ಟಿಯಾಗಿ ಹೇಳಲಿಲ್ಲ. ವಿಶ್ವಬ್ಯಾಂಕ್ ಅದೇ ದಾರಿಯಲ್ಲಿ ಬೇರೆ ದೇಶಗಳಿಗೆ ಲೆಕ್ಕ ಹಾಕಿತು, ಭಾರತಕ್ಕೆ 69 ಬಂತು. 2016ರಲ್ಲಿ ಅದರ ಅಧ್ಯಕ್ಷರು ಭಾಷಣದಲ್ಲಿ ಹೇಳಿದರು, ಅಲ್ಲಿಂದ ನಿಮ್ಮ ಫ್ರಿಜ್ಜಿಗೆ ಬಂದಿದೆ. ಅದೇ ವರ್ಷ ಇನ್ನೊಂದು ತಂಡ ಇಡೀ ಉದ್ಯೋಗದ ಬದಲು ಅದರೊಳಗಿನ ಒಂದೊಂದು ಕೆಲಸವನ್ನು ಬಿಡಿಸಿ ನೋಡಿತು. ಶ್ರೀಮಂತ ದೇಶಗಳಿಗೆ ಸರಾಸರಿ ಶೇ. 9 ಬಂತು. 47 ಎಲ್ಲಿ, 9 ಎಲ್ಲಿ! ಅಳೆಯುವ ಸೇರು ಬದಲಾದರೆ ರಾಶಿಯೇ ಬದಲಾಗುತ್ತದೆ.

ಡಾಕ್ಟರಮ್ಮ ಶಿವಮೊಗ್ಗ

ಉದ್ಯೋಗ ಮತ್ತು ಅದರೊಳಗಿನ ಕೆಲಸ ಬೇರೆ ಅಂದದ್ದಕ್ಕೆ ನನ್ನದೇ ಉದಾಹರಣೆ. 2016ರಲ್ಲಿ ಜೆಫ್ರಿ ಹಿಂಟನ್, ಕೃತಕ ಬುದ್ಧಿಮತ್ತೆಯ ದೊಡ್ಡ ವಿಜ್ಞಾನಿ, ಇನ್ನು ರೇಡಿಯಾಲಜಿಸ್ಟ್‌ಗಳಿಗೆ (ಎಕ್ಸ್‌ರೇ, ಸ್ಕ್ಯಾನ್ ನೋಡಿ ಹೇಳುವ ವೈದ್ಯರಿಗೆ) ತರಬೇತಿ ಕೊಡುವುದನ್ನು ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರಿಗಿಂತ ಚೆನ್ನಾಗಿ ಮಾಡುತ್ತದೆ ಅಂದರು. ಹತ್ತು ವರ್ಷ ಆದರೂ ಪರವಾಗಿಲ್ಲ ಅಂತಲೂ ಸೇರಿಸಿದರು. ಆಗ ನಾನು ಪಿಜಿ ಸೀಟು ಆರಿಸಿಕೊಳ್ಳುವ ಹಂತದಲ್ಲಿದ್ದೆ. ಅಮ್ಮ ಅತ್ತುಬಿಟ್ಟರು. ನಾನು ರೇಡಿಯಾಲಜಿಯನ್ನೇ ತೆಗೆದುಕೊಂಡೆ.

ಈಗ ನನ್ನ ಪಕ್ಕದಲ್ಲಿ ಆ ಯಂತ್ರ ಇದೆ. ಎದೆಯ ಎಕ್ಸ್‌ರೇಯಲ್ಲಿ ಟಿಬಿಯ ಗುರುತು ಇದ್ದರೆ ಬಣ್ಣ ಹಚ್ಚಿ ತೋರಿಸುತ್ತದೆ, ಚೆನ್ನಾಗಿಯೇ ತೋರಿಸುತ್ತದೆ. ಆದರೆ ನಿನ್ನೆ ಒಬ್ಬ ಅಜ್ಜಿ ಬಂದಿದ್ದರು. ಹಳೇ ಫಿಲ್ಮನ್ನು ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದರಂತೆ, ಮಡಿಕೆ ಬಿದ್ದು ಬಿಳಿ ಗೆರೆ ಎದ್ದಿತ್ತು. ಅದನ್ನು ಕಿಟಕಿಗೆ ಹಿಡಿದು ಹೊಸದರ ಜೊತೆ ಹೋಲಿಸಿ, ಈ ಕಲೆ ಹನ್ನೆರಡು ವರ್ಷದಿಂದ ಹೀಗೇ ಇದೆ, ಹೆದರಬೇಡಿ ಅಂತ ಹೇಳಿದೆ. ಹಿಂಟನ್ ಚಿತ್ರ ಓದುವುದರ ಬಗ್ಗೆ ಬಲ್ಲವರು. ರೇಡಿಯಾಲಜಿಸ್ಟಿನ ದಿನ ಹೇಗೆ ಕಳೆಯುತ್ತದೆ ಅನ್ನುವುದು ಅವರ ಕ್ಷೇತ್ರ ಅಲ್ಲ. ದೊಡ್ಡವರು ಹೇಳಿದರು ಅಂದಾಗ, ಯಾವುದರಲ್ಲಿ ದೊಡ್ಡವರು ಅಂತ ಕೇಳಿ.

ನಿಮ್ಮ ಅಕ್ಕನ ಮಗಳಿಗೆ ನಾನು ಭರವಸೆ ಕೊಡಲಾರೆ. ಹತ್ತು ವರ್ಷದ ಮೇಲೆ ನನ್ನ ಕೆಲಸ ಇದೇ ರೀತಿ ಇರುತ್ತದೆ ಅಂತ ನನಗೂ ಅನ್ನಿಸುವುದಿಲ್ಲ.

ಚಳ್ಳಕೆರೆ ಶೇಂಗಾ

ಕಂಪ್ಯೂಟರ್ ಓದಲಿ, ಜೊತೆಗೆ ಒಂದು ಅಕ್ಕಡಿ ಸಾಲು ಇಟ್ಟುಕೊಳ್ಳಲಿ. ಗಣಿತವೋ, ಅಂಕಿಶಾಸ್ತ್ರವೋ.

ಸಕಲೇಶಪುರ ಮೇಷ್ಟ್ರು

ತಡವಾಗಿ ಸೇರುತ್ತಿದ್ದೇನೆ. ಜನಸಂಖ್ಯೆ ಅಂದಕೂಡಲೇ ಎರ್ಲಿಕ್ ನೆನಪಾಗುತ್ತಾರೆ, ಆದರೆ ಆ ಕ್ಷೇತ್ರದಲ್ಲೇ ಚೆನ್ನಾಗಿ ಹೇಳಿದವರೂ ಇದ್ದಾರೆ. 1958ರಲ್ಲಿ ವಿಶ್ವಸಂಸ್ಥೆಯವರು 2000ಕ್ಕೆ ಜಗತ್ತಿನ ಜನಸಂಖ್ಯೆ 628 ಕೋಟಿ ಆಗುತ್ತದೆ ಅಂದಿದ್ದರು. ಆದದ್ದು ಅಂದಾಜು 610 ಕೋಟಿ. ನಲವತ್ತೆರಡು ವರ್ಷ ಮುಂಚೆ! ಹೇಗೆ ಸಾಧ್ಯವಾಯಿತು? ಮುಂದೆ ತಾಯಂದಿರಾಗುವವರಲ್ಲಿ ಎಷ್ಟೋ ಜನ ಆಗಲೇ ಹುಟ್ಟಿದ್ದರು. ಭವಿಷ್ಯದ ಒಂದು ಪಾಲು ಆಗಲೇ ಅಂಗಳದಲ್ಲಿ ಆಡುತ್ತಿತ್ತು. ಅದನ್ನು ಎಣಿಸಿದರು.

ನಾನು ಇದನ್ನೇ ನಮ್ಮ ಶಾಲೆಗೆ ಮಾಡುತ್ತೇನೆ. ಪ್ರತಿ ಜನವರಿಯಲ್ಲಿ ಅಂಗನವಾಡಿ ಟೀಚರಮ್ಮನ ಹತ್ತಿರ ಹೋಗಿ ಅವರ ದಾಖಲೆ ಪುಸ್ತಕ ಕೇಳುತ್ತೇನೆ. ಜೂನ್‌ಗೆ ಆರು ವರ್ಷ ತುಂಬುವ ಮಕ್ಕಳ ಹೆಸರು ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಮೀಡಿಯಂ ಬಸ್ ಹತ್ತುವವರು ಯಾರು ಅಂತ ಊರಿಗೇ ಗೊತ್ತಿರುತ್ತದೆ, ಅವರನ್ನು ಕಳೆಯುತ್ತೇನೆ. ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಆ ಅಂಕಿ ನನ್ನ ಪುಸ್ತಕದಲ್ಲಿ ಖಾಲಿ ಸಾಲಾಗಿ ಕಾಣುತ್ತದೆ.

ಎಲ್ಲರೂ ಕೇಳಿದಿರಿ, ಸುಳ್ಳು ಮಾಡಲು ಬರುವಂತೆ ಹೇಳಿ ಅಂತ. ಹೇಳುತ್ತೇನೆ. ಈ ಜೂನ್‌ನಲ್ಲಿ ನಮ್ಮ ಶಾಲೆಯ ಒಂದನೇ ತರಗತಿಗೆ 5ರಿಂದ 7 ಮಕ್ಕಳು ಸೇರುತ್ತಾರೆ. ಹತ್ತಕ್ಕೆ ಎಂಟು ಪಾಲು ನಂಬಿಕೆ ಇದೆ. ಕಡಿಮೆಯಾದರೆ ನಮ್ಮ ಶಾಲೆಯನ್ನೇ ಪಕ್ಕದ ಊರಿನ ಶಾಲೆಗೆ ಸೇರಿಸುತ್ತಾರೇನೋ ಅನ್ನುವ ಭಯವೂ ಇದೆ.

ಹಡಗಲಿಯವನು

ಬರೆದಿಟ್ಟುಕೊಂಡೆ ಮೇಷ್ಟ್ರೇ. ಜೂನ್‌ನಲ್ಲಿ ಕೇಳುತ್ತೇನೆ.

ಕೆರೆದಂಡೆ

ಅಕ್ಕನ ಮಗಳು ಇದೆಲ್ಲ ಓದಿದಳು. ಶೇ. 69ರ ಚೀಟಿಯನ್ನು ಕಿತ್ತಿಲ್ಲ. ಅದರ ಕೆಳಗೆ ಪೆನ್ಸಿಲ್‌ನಲ್ಲಿ 'ಯಾವ ವರ್ಷಕ್ಕೆ?' ಅಂತ ಬರೆದಿದ್ದಾಳೆ. ಅಕ್ಕ ಇನ್ನೂ ಉತ್ತರ ಬರೆದಿಲ್ಲ.

ಸಕಲೇಶಪುರ ಮೇಷ್ಟ್ರು

ಜೂನ್ ಬಂತು. ಹಡಗಲಿಯವರು ಮರೆಯದೆ ಕೇಳಿದರು, ಅದಕ್ಕೆ ಇಲ್ಲೇ ಬರೆಯುತ್ತೇನೆ. ಒಂಬತ್ತು ಮಕ್ಕಳು ಸೇರಿದರು. ನನ್ನ ಲೆಕ್ಕ ತಪ್ಪಾಯಿತು.

ಪುಸ್ತಕದಲ್ಲಿದ್ದವರಲ್ಲಿ ಆರು ಜನ ಬಂದರು. ಉಳಿದ ಮೂವರು ಕಾಫಿ ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದ ಕುಟುಂಬಗಳ ಮಕ್ಕಳು. ಮಾರ್ಚ್‌ನಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗೆ ಬಂದವರು, ನಾನು ಜನವರಿಯಲ್ಲಿ ಪುಸ್ತಕ ನೋಡಿದ್ದೆ. ಹುಟ್ಟಿದವರನ್ನು ಎಣಿಸಿದ್ದೆ, ಬರುವವರನ್ನು ಎಣಿಸಿರಲಿಲ್ಲ. ಮುಂದಿನ ವರ್ಷ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರನ್ನೂ ಕೇಳಿ ಲೆಕ್ಕ ಹಾಕುತ್ತೇನೆ. ಮೂವರಲ್ಲಿ ಒಬ್ಬಳು ನಿನ್ನೆ 'ಒಂದು, ಎರಡು' ಹತ್ತರವರೆಗೆ ಕನ್ನಡದಲ್ಲಿ ಎಣಿಸಿದಳು. ಏಳು ಮಾತ್ರ ಬಿಟ್ಟುಹೋಯಿತು.